ನಡುಗೆರೆಯಲ್ಲಿ ಹೊಲಿಗೆ ಬೇಡ: ಪೈಲೋನಿಡಲ್ ಸೈನಸ್, ನನ್ನ ಅನುಭವ

ಪೈಲೋನಿಡಲ್ ಸೈನಸ್ ಅಂದರೆ ಪೃಷ್ಠಗಳ ನಡುವಿನ ಸೀಳಿನ ಮೇಲ್ಭಾಗದಲ್ಲಿ ಕೂದಲು ಒಳಹೊಕ್ಕು ಆಗುವ ತೂತು, ಕೀವು ಕಟ್ಟುವ ಕಾಯಿಲೆ. ಅದಕ್ಕೆ ತಾಲ್ಲೂಕಿನ ನರ್ಸಿಂಗ್ ಹೋಮ್‌ನಲ್ಲಿ ಫ್ಲ್ಯಾಪ್ (ಕೆಟ್ಟ ಭಾಗ ತೆಗೆದು, ಪಕ್ಕದ ಚರ್ಮ-ಕೊಬ್ಬು ಎಳೆದು ಹೊಲಿಗೆ ಪಕ್ಕಕ್ಕೆ ಬರುವಂತೆ ಮುಚ್ಚುವುದು) ಮಾಡುತ್ತೇನೆ ಅಂದಾಗ ಸೀನಿಯರ್‌ಗಳಿಗೆ ನಂಬಿಕೆ ಇರಲಿಲ್ಲ. "ಸುಮ್ನೆ ಕೊಯ್ದು ತೆರೆದು ಬಿಡಪ್ಪ, ತಾನಾಗೇ ತುಂಬಿಕೊಳ್ಳುತ್ತೆ" ಅನ್ನುತ್ತಿದ್ದರು. ಈಗ ಹೆಚ್ಚುಕಡಿಮೆ 60 ಕೇಸ್ ಆಗಿವೆ. ಕಾಯಿಲೆ ಮರುಕಳಿಸಿದವರು 2-3 ಜನ ಇರಬಹುದು. ಅದೇ ಸೀನಿಯರ್‌ಗಳು ಈಗ ನನಗೇ ಕೇಸ್ ಕಳಿಸುತ್ತಾರೆ.

ತೆರೆದ ಗಾಯ ತುಂಬುತ್ತದೆ, ನಿಜ. ಆದರೆ ಎರಡು ತಿಂಗಳು ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಲಾರಿ ಓಡಿಸುವ ಹುಡುಗ ಅಷ್ಟು ದಿನ ಮನೆಯಲ್ಲಿ ಕೂತರೆ ಊಟಕ್ಕೇನು ಮಾಡಬೇಕು? ಡ್ರೆಸ್ಸಿಂಗ್‌ಗೆ ದಿನಕ್ಕೆ 200 ರೂಪಾಯಿ, ಅದರ ಮೇಲೆ ಬಸ್ ಚಾರ್ಜು. ಕೊಯ್ದು ತೆರೆದು ಬಿಡುವ ಆಪರೇಷನ್‌ಗಿಂತ ಡ್ರೆಸ್ಸಿಂಗೇ ದುಬಾರಿ. ಹಾಗಂತ ನಡುಗೆರೆಯಲ್ಲೇ, ಅಂದರೆ ಸೀಳಿನ ನಟ್ಟನಡುವೆಯೇ, ಎಳೆದು ಹೊಲಿದರೆ ಇನ್ನೊಂದು ಪಾಡು. ಎಂಟು-ಹತ್ತು ದಿನಕ್ಕೆ ಕೆಳತುದಿ ಒದ್ದೆಯಾಗಿ ಹೊಲಿಗೆ ಬಿಟ್ಟುಕೊಳ್ಳುತ್ತದೆ. ವರ್ಷ ಕಳೆಯುವುದರೊಳಗೆ ಹೊಸ ತೂತು.

ಗ್ರೀಕ್ ಸೇನೆಯ ಸರ್ಜನ್ ಕಾರಿಡಾಕಿಸ್ 1973ರಲ್ಲೇ ಇದನ್ನು ಬರೆದಿದ್ದರು. ಉದುರಿದ ಕೂದಲು ಆ ಆಳದ ಸೀಳಿನಲ್ಲಿ ಹೊರಗಿನಿಂದ ಒಳಕ್ಕೆ ತೂರುತ್ತದೆ. ಸೀಳು ಹಾಗೇ ಉಳಿದರೆ ಕಾಯಿಲೆಗೆ ಮತ್ತೆ ದಾರಿ ಸಿಕ್ಕಹಾಗೆ.

ಕೀವು ಕಟ್ಟಿಕೊಂಡು ಬಂದವರಿಗೆ ಮೊದಲು ಪಕ್ಕದಿಂದ ಕೊಯ್ದು ಖಾಲಿ ಮಾಡುತ್ತೇನೆ. ಫ್ಲ್ಯಾಪ್ ಏನಿದ್ದರೂ ಕೆಲವು ವಾರ ಬಿಟ್ಟು. ತೂತಿನ ದಾರಿ ತೋರಿಸುವ ನೀಲಿ ಬಣ್ಣ ಮೆಥಿಲೀನ್ ಬ್ಲೂ ಅರ್ಧ ಎಂಎಲ್ ಸಾಕು, ಒತ್ತಿ ತಳ್ಳಿದರೆ ಇಡೀ ಜಾಗ ನೀಲಿಯಾಗಿ ಎಲ್ಲಿ ನಿಲ್ಲಿಸಬೇಕೋ ತಿಳಿಯುವುದಿಲ್ಲ. ಗಾಯದ ಎರಡೂ ತುದಿ ನಡುಗೆರೆಯಿಂದ 2 ಸೆಂಟಿಮೀಟರ್ ಆಚೆ ಇರಲೇಬೇಕು. ಫ್ಲ್ಯಾಪ್ ದಪ್ಪ ಸುಮಾರು 1 ಸೆಂಟಿಮೀಟರ್. ಅದನ್ನು ಸೇಕ್ರಲ್ ಫೇಸಿಯಾಗೆ (ಬೆನ್ನುಮೂಳೆಯ ಕೆಳಭಾಗದ ಮೇಲಿನ ಗಟ್ಟಿ ಪೊರೆ) ಕೂರಿಸುವ ಮೊದಲು ಪೃಷ್ಠ ಎಳೆದು ಅಂಟಿಸಿದ ಪ್ಲಾಸ್ಟರ್ ಕತ್ತರಿಸಿಬಿಡಿ, ಬಿಗಿತ ಎಷ್ಟಿದೆ ಅಂತ ಆಗಲೇ ಗೊತ್ತಾಗುವುದು. ಕೆಳತುದಿ ತಿರುಗಿಸಲು ನನ್ನದೇ ಒಂದು ಹೊಲಿಗೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಆಪರೇಷನ್ ಥಿಯೇಟರ್‌ಗೆ ಬನ್ನಿ, ಕೈಯಲ್ಲಿ ಮಾಡಿ ತೋರಿಸುತ್ತೇನೆ.

ಡ್ರೈನ್ (ಗಾಯದ ನೀರು ಹೊರತೆಗೆಯುವ ಕೊಳವೆ), ರೂಮು, ಔಷಧಿ ಎಲ್ಲ ಸೇರಿ ಫ್ಲ್ಯಾಪ್‌ಗೆ ನಮ್ಮಲ್ಲಿ 30 ಸಾವಿರದ ಆಸುಪಾಸು. ನಗರದ ಆಸ್ಪತ್ರೆಯೊಂದರಲ್ಲಿ ಲೇಸರ್‌ಗೆ 90 ಸಾವಿರ ಕೊಟ್ಟು, ಆರು ತಿಂಗಳಿಗೆ ಮತ್ತೆ ಕೀವು ಹಿಡಿದು ನನ್ನ ಹತ್ತಿರ ಬಂದವರಿದ್ದಾರೆ.

ನಡುವೆ ಫಿನಾಲ್ (ತೂತಿನ ಒಳಪದರ ಸುಡುವ ರಾಸಾಯನಿಕ) ಹರಳನ್ನೂ ಪ್ರಯೋಗ ಮಾಡಿದೆ, ಒಂದೆರಡು ಸಣ್ಣ ತೂತು ಇದ್ದವರಿಗೆ ಮಾತ್ರ. ಕೂದಲೆಲ್ಲ ಕೆರೆದು ತೆಗೆದು, ಸುತ್ತಲಿನ ಚರ್ಮಕ್ಕೆ ದಪ್ಪಗೆ ಮುಲಾಮು ಬಳಿದು ಹರಳು ಇಟ್ಟರೆ ಮೈ ಬಿಸಿಗೇ ಕರಗುತ್ತದೆ. ಮುಲಾಮು ತಪ್ಪಿದ ಕಡೆ ಚರ್ಮ ಸುಡುತ್ತದೆ, ಹುಷಾರು. ಕೆಲವರಿಗೆ ಎರಡನೇ ಸಲವೂ ಬೇಕಾಯಿತು. ಆದರೂ ಮಾರನೇ ದಿನವೇ ಕೆಲಸಕ್ಕೆ ಹೋದವರಿದ್ದಾರೆ, ಅದಕ್ಕೇ ಇನ್ನೂ ಕೈಬಿಟ್ಟಿಲ್ಲ.

ಇನ್ನು ನೋವಿಲ್ಲ, ಕೀವಿಲ್ಲ, ಬರೀ ತೂತು ಕಾಣಿಸಿತು ಅಂತ ಹೆದರಿ ಬರುವವರಿಗೆ ನಾನು ಕತ್ತಿ ಮುಟ್ಟಿಸುವುದಿಲ್ಲ. ಜಾಗ ತೊಳೆದು ಒಣಗಿಸಿ ಇಟ್ಟುಕೊಳ್ಳಿ, ಕೂದಲು ಟ್ರಿಮ್ ಮಾಡಿಸಿ, ಕೀವು ಬಂದರೆ ತಕ್ಷಣ ಬನ್ನಿ ಅಂತ ಹೇಳಿ ಕಳಿಸುತ್ತೇನೆ.