ನಿಮ್ಮ ಬೀದಿಯಲ್ಲೊಂದು ಸಂಘ: ಪೆಟ್ಟಿಗೆಗೆ ಮೂರು ಬೀಗ ಹಾಕಿ

"ಬಡವರಿಗೆ ಏನಾದ್ರೂ ಮಾಡಬೇಕು ಮೇಡಂ, ಎಲ್ಲಿಂದ ಶುರು ಮಾಡೋದು?" ಅಂತ ಅಪಾರ್ಟ್‌ಮೆಂಟಿನವರು ಆಗಾಗ ಕೇಳುತ್ತಾರೆ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ರಿಟೈರ್ ಆದವಳು. ಈಗ ಶ್ರೀನಗರ, ಬನಶಂಕರಿ ಕಡೆ ಮನೆಕೆಲಸದವರ, ಹೂ ಕಟ್ಟುವವರ ಸಂಘಗಳಿಗೆ ಲೆಕ್ಕ ಬರೆಯುವುದು ಕಲಿಸುತ್ತೇನೆ. ಹಾಗಾಗಿ ನನ್ನ ಉತ್ತರ ಒಂದೇ. ಹಳೇ ಬಟ್ಟೆ, ಅಕ್ಕಿ ಮೂಟೆ ಎಲ್ಲ ಆಮೇಲೆ. ಮೊದಲು ಒಂದು ಉಳಿತಾಯದ ಸಂಘ ಶುರುವಾಗಲಿ, ಅಂದರೆ ಹೆಂಗಸರು ವಾರ ವಾರ ಒಂದಿಷ್ಟು ಕೂಡಿಟ್ಟು ಅದರಿಂದಲೇ ತಮ್ಮೊಳಗೆ ಸಾಲ ಕೊಟ್ಟುಕೊಳ್ಳುವ ಗುಂಪು. ಶುರುವಾದ ಮೇಲೆ ನೀವು ಸ್ವಲ್ಪ ದೂರ ಕೂತುಕೊಳ್ಳಿ.

2030ರೊಳಗೆ ಕಡು ಬಡತನ ಇಲ್ಲದಂತೆ ಮಾಡುತ್ತೇವೆ ಎಂದು 2015ರಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳೆಲ್ಲ ಸೇರಿ ಒಪ್ಪಿಕೊಂಡವು. ದೊಡ್ಡ ಮಾತು. ನಮ್ಮ ಬೀದಿಯಲ್ಲಿ ಬಡತನ ಅಂದರೆ ಅರ್ಧ ಪಾಲು ಮೀಟರ್ ಬಡ್ಡಿ. ಬೆಳಗಿನ ಜಾವ ಮಾರ್ಕೆಟ್‌ಗೆ ಹೂ ತರಲು ಹೋಗುವವಳ ಕೈಗೆ 900 ರೂಪಾಯಿ ಕೊಟ್ಟು, ಸಂಜೆ 1,000 ವಸೂಲಿ ಮಾಡುವವರಿದ್ದಾರೆ. ತಿಂಗಳು ಪೂರ್ತಿ ಹೀಗೇ ತೆಗೆದುಕೊಂಡರೆ ಬಡ್ಡಿಯೇ 3,000 ಆಯಿತು! ಸಂಘದಲ್ಲಿ ನೂರಕ್ಕೆ ಎರಡರಂತೆ ಅದೇ 900ಕ್ಕೆ ತಿಂಗಳ ಬಡ್ಡಿ 18 ರೂಪಾಯಿ. ಆ 18 ಕೂಡ ಹೊರಗೆ ಹೋಗುವುದಿಲ್ಲ, ಸಂಘಕ್ಕೇ ಸೇರುತ್ತದೆ.

ಮೊದಲು ಜನ. ಹತ್ತರಿಂದ ಇಪ್ಪತ್ತು ಹೆಂಗಸರು ಸಾಕು, ಅದಕ್ಕಿಂತ ಜಾಸ್ತಿ ಬೇಡ. ಯಾರು ಸೇರಬೇಕು ಅಂತ ನೀವು ಪಟ್ಟಿ ಮಾಡಬೇಡಿ. ಯಾರು ತಿಂಗಳ ಕೊನೆಗೆ ಬಾಗಿಲು ಹಾಕಿಕೊಳ್ಳುತ್ತಾರೆ ಅನ್ನೋದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಒಂದು ಮಾತು ಮಾತ್ರ ಹೇಳಿಡಿ: ಉಳಿದವರು ಯಾರಿಗೆ ಸಾಲ ತೀರಿಸಬೇಕೋ, ಬಾಡಿಗೆ ಕಟ್ಟಬೇಕೋ, ಅಂಥವರು ಸದಸ್ಯರಾಗುವುದು ಬೇಡ. ವಠಾರದ ಓನರಮ್ಮ ಚಾಪೆಯ ಮೇಲೆ ಕೂತರೆ ಬೇರೆ ಯಾರೂ ಬಾಯಿ ಬಿಡುವುದಿಲ್ಲ.

ಸಭೆ ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ. ಮನೆಕೆಲಸದವರಿಗೆ ಮಧ್ಯಾಹ್ನ ಮೂರರ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ನಲ್ಲಿಯಲ್ಲಿ ನೀರು ಬಿಡುವ ಹೊತ್ತು ಯಾವುದೆಂದು ಕೇಳಿಕೊಂಡೇ ಸಮಯ ಗೊತ್ತು ಮಾಡಿ. ನೀರು ಬಂತು ಅಂದರೆ ಸಭೆ ಮುಗಿಯಿತು ಅಂತಲೇ ಲೆಕ್ಕ.

ಉಳಿತಾಯ ಎಷ್ಟು? ಎಲ್ಲರಿಗಿಂತ ಕಡಿಮೆ ದುಡಿಯುವವಳು ಎಷ್ಟು ಹೇಳುತ್ತಾಳೋ ಅಷ್ಟು. ವಾರಕ್ಕೆ 50 ಎಂದರೆ ಹನ್ನೆರಡು ಜನರಿಂದ 600. ವರ್ಷಕ್ಕೆ 31,200. ಇದರಲ್ಲಿ ಹೊರಗಿನವರ ಒಂದು ರೂಪಾಯಿಯೂ ಇಲ್ಲ, ಇರಲೂಬಾರದು. ದಯವಿಟ್ಟು ನೀವು ಮೊದಲ ದಿನವೇ ಐದು ಸಾವಿರ ಹಾಕಿ ಆರಂಭ ಮಾಡಬೇಡಿ. ಸಾಹೇಬರ ದುಡ್ಡು ಅಂದಾಗ ವಾಪಸ್ ಕಟ್ಟುವ ಅವಸರ ಯಾರಿಗಿರುತ್ತದೆ ಹೇಳಿ?

ಈ ದುಡ್ಡು ಇಡುವ ಪೆಟ್ಟಿಗೆಯ ಉಪಾಯ ನಮ್ಮದಲ್ಲ, ಆಫ್ರಿಕಾದ್ದು. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ ಹಳ್ಳಿಯ ಹೆಂಗಸರ ಜತೆ ಉಳಿತಾಯದ ಗುಂಪುಗಳನ್ನು ಶುರು ಮಾಡಿತು. ಆ ಪದ್ಧತಿ ಆಮೇಲೆ ಎಷ್ಟೋ ದೇಶಗಳಿಗೆ ಹೋಯಿತು. ಇಂಥ ಗುಂಪುಗಳಲ್ಲಿ ಒಂದು ಪೆಟ್ಟಿಗೆ, ಮೂರು ಬೀಗ. ಮೂರು ಬೀಗದ ಕೈ ಮೂರು ಜನರ ಹತ್ತಿರ, ಪೆಟ್ಟಿಗೆ ನಾಲ್ಕನೆಯವಳ ಮನೆಯಲ್ಲಿ. ನಾಲ್ವರೂ ಸೇರದೆ ಅದು ತೆರೆಯುವುದಿಲ್ಲ. "ಗಂಡ ಕುಡಿದು ಬಂದು ಕೇಳಿದ್ರೆ ಏನಕ್ಕಾ ಮಾಡ್ಲಿ?" ಎಂದು ಕೇಳಿದವಳಿಗೆ ನಾನು ಕೊಡುವ ಉತ್ತರವೂ ಆ ಮೂರು ಬೀಗವೇ.

ಸಾಲ ಕೊಡಲು ಎರಡು ತಿಂಗಳಾದರೂ ಕಾಯಿರಿ. ಮೊದಲ ಸಾಲ 1,000 ದಾಟದಿರಲಿ. ಆಸ್ಪತ್ರೆ, ಸ್ಕೂಲ್ ಫೀಸು, ಗಿರವಿ ಇಟ್ಟ ಓಲೆ ಬಿಡಿಸುವುದು, ಹೂವಿಗೆ ಬಂಡವಾಳ, ಎಲ್ಲಕ್ಕೂ ಸರಿ. ಇನ್ನೊಂದು ಕಡೆಯ ಚೀಟಿ ಕಟ್ಟಲು ಕೊಡಬೇಡಿ. ಯಾರಿಗೆ ಮೊದಲು ಅನ್ನೋದು ಚಾಪೆಯ ಮೇಲೆ ಎಲ್ಲರೆದುರು ತೀರ್ಮಾನವಾಗಲಿ, ಮೂಲೆಯಲ್ಲಿ ಪಿಸುಮಾತಿನಲ್ಲಿ ಅಲ್ಲ. ಪೆಟ್ಟಿಗೆ ತುಂಬಿದೆ ಎಂದು ಖುಷಿಪಡುವ ಸಂಘ ನನಗೆ ಅಷ್ಟು ಇಷ್ಟವಾಗುವುದಿಲ್ಲ. ದುಡ್ಡು ಸದಸ್ಯರ ಕೈಯಲ್ಲಿ ಓಡಾಡುತ್ತಿರಬೇಕು.

ಈಗ ಲೆಕ್ಕ. ನನ್ನ ಪ್ರಕಾರ ಸಂಘ ಉಳಿಯುವುದೂ ಮುಳುಗುವುದೂ ಇಲ್ಲಿಯೇ. ನಡಾವಳಿ ಪುಸ್ತಕ, ನಗದು ಪುಸ್ತಕ, ಸಾಲದ ಖಾತೆ, ಪ್ರತಿಯೊಬ್ಬರಿಗೂ ಒಂದು ಪಾಸ್‌ಬುಕ್. ಇಷ್ಟೇ. ಬರೆದದ್ದನ್ನು ಪ್ರತಿ ಸಭೆಯಲ್ಲೂ ಜೋರಾಗಿ ಓದಬೇಕು: ಯಾರು ಎಷ್ಟು ಕಟ್ಟಿದರು, ಯಾರದ್ದು ಎಷ್ಟು ಬಾಕಿ, ಪೆಟ್ಟಿಗೆಯಲ್ಲಿ ಎಷ್ಟಿದೆ. ನಮ್ಮಲ್ಲಿ ಹೂ ಕಟ್ಟುವ ಅಕ್ಕ ಒಬ್ಬರಿಗೆ ಓದಲು ಬರುವುದಿಲ್ಲ. ಕೈ ಮಲ್ಲಿಗೆ ಕಟ್ಟುತ್ತಲೇ ಇರುತ್ತದೆ, ತಲೆ ಎತ್ತುವುದೂ ಇಲ್ಲ. ಒಂದು ಸಲ ಓದುತ್ತಿದ್ದ ಹುಡುಗಿ "ಇನ್ನೂರು" ಅಂದ ತಕ್ಷಣ, "ಇನ್ನೂರೈವತ್ತು ಕಣೇ. ಐವತ್ತರ ನೋಟು ಹರಿದಿದೆ ಅಂತ ನೀನೇ ಬದಲಾಯಿಸಿಕೊಂಡೆ" ಅಂದರು. ಪುಸ್ತಕ ತಿದ್ದಬೇಕಾಯಿತು. ಇಂಥ ಆಡಿಟರ್ ಯಾವ ಬ್ಯಾಂಕಿನಲ್ಲಿ ಸಿಗುತ್ತಾರೆ? ಹುಡುಗಿ ಮನಸ್ಸಿನಲ್ಲೇ ಓದಿಕೊಂಡಿದ್ದರೆ ಆ ಐವತ್ತು ಹೋಗಿಯೇಬಿಡುತ್ತಿತ್ತು, ಅದರ ಹಿಂದೆ ನಂಬಿಕೆಯೂ.

ನಿಯಮಿತ ಸಭೆ, ನಿಯಮಿತ ಉಳಿತಾಯ, ಒಳಗೊಳಗೇ ಸಾಲ, ಸಮಯಕ್ಕೆ ಮರುಪಾವತಿ, ಸರಿಯಾದ ಪುಸ್ತಕ. ಇದನ್ನೇ ಪಂಚಸೂತ್ರ ಅನ್ನುತ್ತಾರೆ. ಆರು ತಿಂಗಳು ಹೀಗೆ ನಡೆಸಿದ ಪುಸ್ತಕ ಇದ್ದರೆ ಬ್ಯಾಂಕಿನಲ್ಲಿ ಸಾಲ ಕೇಳಲು ಮುಖ ಇರುತ್ತದೆ. 1992ರಲ್ಲಿ ಕೃಷಿ, ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 500 ಸಂಘಗಳ ಪ್ರಯೋಗದೊಂದಿಗೆ ಈ ದಾರಿ ತೆರೆಯಿತು. ಅದಕ್ಕೂ ಮುಂಚೆಯೇ ನಮ್ಮ ಬೆಂಗಳೂರಿನ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಸಂಘಗಳನ್ನು ಕಟ್ಟಿತ್ತು.

ಉಳಿತಾಯ ಖಾತೆಯನ್ನು ಮಾತ್ರ ಮೊದಲೇ ತೆರೆಯಿರಿ. ಖಾತೆ ತೆರೆಯಲು ಸಭೆ ಒಪ್ಪಿದ ಠರಾವಿನ ಪ್ರತಿ, ಸಂಘದ ಪದಾಧಿಕಾರಿಗಳ ಫೋಟೋ ಮತ್ತು ದಾಖಲೆ ಒಯ್ಯಿರಿ. ಕೌಂಟರಿನಲ್ಲಿ ಎಲ್ಲ ಸದಸ್ಯರ ಆಧಾರ್ ಕೇಳಿದರೆ ಜಗಳ ಬೇಡ. ಉಳಿತಾಯ ಖಾತೆಗೆ ಪದಾಧಿಕಾರಿಗಳ ಕೆವೈಸಿ (ಗುರುತು, ವಿಳಾಸದ ದಾಖಲೆ) ಸಾಕು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ ಎಂದು ಮೆಲ್ಲಗೆ ನೆನಪಿಸಿ. ನೀವು ಬೇಕಾದರೆ ಜತೆಗೆ ಹೋಗಿ, ಆದರೆ ಮಾತು ಅವರೇ ಆಡಲಿ. ಚೆಕ್ ಮೇಲೆ ನಿಮ್ಮ ಸಹಿ ಬೇಡವೇ ಬೇಡ.

ಇನ್ನೊಂದು ಎಚ್ಚರ. ಬರೀ ಸಾಲಕ್ಕೆ ಜಾಮೀನಾಗಲು ಹತ್ತು ಜನರನ್ನು ಸೇರಿಸಿ ಅದನ್ನೂ ಸಂಘ ಅನ್ನುವವರು ಬರುತ್ತಾರೆ. ಅಲ್ಲಿ ಉಳಿತಾಯವಿಲ್ಲ, ಕಂತು ಮಾತ್ರ. ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. ವಸೂಲಿಯ ಕಿರುಕುಳ ಎಷ್ಟರಮಟ್ಟಿಗೆ ಹೋಯಿತೆಂದರೆ 2025ರಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಲೆಂದೇ ಕಾನೂನು ತರಬೇಕಾಯಿತು.

ವರ್ಷದ ಕೊನೆಗೆ ಏನು? ನೈಜರ್ ಮಾದರಿಯಲ್ಲಿ ಎಲ್ಲವನ್ನೂ ಹಂಚಿಕೊಂಡು ಮತ್ತೆ ಸೊನ್ನೆಯಿಂದ ಶುರು ಮಾಡುತ್ತಾರೆ. ಇಲ್ಲಿ ಬ್ಯಾಂಕು ಸಂಘದ ಉಳಿತಾಯ ನೋಡಿ ಸಾಲ ಕೊಡುವುದರಿಂದ ಅಸಲನ್ನು ಮುಟ್ಟದೆ, ಬಡ್ಡಿಯಲ್ಲಿ ಒಂದಿಷ್ಟು ಹಂಚಿಕೊಳ್ಳುವುದು ಲೇಸು. ಹಂಚುವುದಾದರೆ ಮೇ ಕೊನೆಯ ವಾರ ಹಂಚಿ. ಜೂನ್ ಬಂದರೆ ಯೂನಿಫಾರ್ಮು, ಬ್ಯಾಗು, ನೋಟ್‌ಬುಕ್ಕು ಅಂತ ಖರ್ಚು ಒಟ್ಟಿಗೇ ಬರುತ್ತದೆ, ಅಲ್ವಾ?