ನಾಟಕಕ್ಕೆ ಮೊದಲು ಕಥೆ ಹೇಳಬೇಡಿ

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಮೊದಲ ಸಲ ಒಂಬತ್ತನೇ ತರಗತಿಯ ಮಕ್ಕಳನ್ನು ಗಿರೀಶ ಕಾರ್ನಾಡರ ‘ಹಯವದನ’ಕ್ಕೆ ಕರೆದೊಯ್ದಾಗ, ಹಿಂದಿನ ದಿನವೇ ಇಡೀ ಕಥೆ ಹೇಳಿ, ನಾಟಕದ ಸಂದೇಶವನ್ನೂ ಬರೆಸಿಬಿಟ್ಟಿದ್ದೆ. ಮರುದಿನ ಎಲ್ಲ ಹಾಳೆಗಳಲ್ಲೂ ನನ್ನದೇ ವಾಕ್ಯಗಳು. ರಂಗದ ಮೇಲೆ ಕಂಡದ್ದನ್ನು ಒಬ್ಬರೂ ಬರೆದಿರಲಿಲ್ಲ. ಇದು ನನ್ನ ತಪ್ಪು, ನೀವು ಮಾಡಬೇಡಿ.

ಯಾರ ನಾಟಕ, ಯಾರು ಆಡುತ್ತಾರೆ, ಎಷ್ಟು ಹೊತ್ತು ಎಂದಷ್ಟೇ ಹೇಳಿ. ಪೋಷಕರಿಗೆ ವಾಪಸು ಬರುವ ವೇಳೆ ಮೊದಲೇ ತಿಳಿಸಿ. ಮೂರನೇ ಬೆಲ್ಲಿಗೆ ಮುಂಚೆ ಎಲ್ಲರೂ ಕೂತಿರಲಿ. ಬೆಂಗಳೂರಿನ ರಂಗಶಂಕರದಲ್ಲಂತೂ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಮೊಬೈಲು ಶಿಕ್ಷಕರದ್ದೂ ಆಫ್ ಆಗಬೇಕು.

ಸಾಧ್ಯವಾದರೆ ಮಧ್ಯಾಹ್ನವೇ ಹೋಗಿ. ಹೆಗ್ಗೋಡಿನ ನೀನಾಸಮ್ ರಂಗಸಂಸ್ಥೆಯ ಸಂಚಾರಿ ತಂಡ ‘ತಿರುಗಾಟ’ 1985ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಅಂಥ ತಂಡ ನಿಮ್ಮ ಊರಿಗೆ ಬಂದರೆ, ಸಂಜೆ ರಾಜನಾಗುವವನು ಪೆಟ್ಟಿಗೆ ಇಳಿಸಿ ರಂಗಸಜ್ಜಿಕೆ ಕಟ್ಟುವುದನ್ನು ಮಕ್ಕಳು ನೋಡಲಿ. ಇದನ್ನು ಯಾವ ಪಾಠದಲ್ಲೂ ನಾನು ಹೇಳಿಕೊಡಲಾರೆ.

ಇನ್ನು ಮುಖ್ಯ ಕೆಲಸ: ಒಬ್ಬೊಬ್ಬರಿಗೂ ನಿಗಾ ಇಡಲು ಒಂದೊಂದು ವಿಷಯ ಹಂಚಿ. ಒಬ್ಬಳಿಗೆ ಬೆಳಕು, ಇನ್ನೊಬ್ಬನಿಗೆ ಮೇಳದವರು, ಮತ್ತೊಬ್ಬಳಿಗೆ ಮಾತಿಲ್ಲದೆ ನಿಂತ ಪಾತ್ರ. ‘ಹಯವದನ’ದಲ್ಲಿ ಪದ್ಮಿನಿ ಕಾಳಿಯ ಗುಡಿಯಲ್ಲಿ ಗಂಡ ದೇವದತ್ತ, ಅವನ ಗೆಳೆಯ ಕಪಿಲ ಇಬ್ಬರ ಕಡಿದುಹೋದ ತಲೆಗಳನ್ನು ಅದಲುಬದಲಾಗಿ ಜೋಡಿಸುತ್ತಾಳೆ. ನಟರಿಬ್ಬರು ಮುಖವಾಡ ಬದಲಿಸಿಕೊಂಡರೆ ಸಾಕು, ತಲೆ ಬದಲಾದಂತೆ. ಎರಡನೇ ಸಲ ಹೋದಾಗ, ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗನಿಗೆ “ನೀನು ಕೈಗಳನ್ನಷ್ಟೇ ನೋಡು” ಅಂದಿದ್ದೆ. ಮರುದಿನ ಅವನೇ ಎದ್ದು ನಿಂತ: “ಟೀಚರ್, ಮುಖ ದೇವದತ್ತಂದು. ಆದ್ರೆ ಸಿಟ್ಟು ಬಂದಾಗ ಮುಷ್ಟಿ ಕಟ್ಟೋದು ಕಪಿಲನ ಥರಾನೇ.” ತಲೆ ದೊಡ್ಡದೋ ಮೈ ದೊಡ್ಡದೋ ಎಂಬ ಆ ನಾಟಕದ ಪ್ರಶ್ನೆಯನ್ನು ಅವನು ಒಂದು ಮುಷ್ಟಿಯಲ್ಲಿ ಹಿಡಿದುಬಿಟ್ಟಿದ್ದ. ಆ ದಿನವಿಡೀ ನನಗೆ ಬೇರೆ ಪಾಠ ಮಾಡಲು ಮನಸ್ಸಾಗಲಿಲ್ಲ.

ಮರುದಿನ “ನೀತಿ ಏನು?” ಎಂದು ಕೇಳಬೇಡಿ. “ಏನು ಕಂಡಿರಿ? ಎಲ್ಲಿ ಕೂತಿದ್ದಿರಿ?” ಎಂದು ಕೇಳಿ. ಎಡಗಡೆ ಕೂತವಳಿಗೆ ಕಂಡ ಕಣ್ಣೀರು ಬಲಗಡೆಯವನಿಗೆ ಕಂಡಿರುವುದಿಲ್ಲ. ವಾದ ಶುರುವಾಗುತ್ತದೆ, ಆಗಲಿ. ಯಾರ ಮಾತನ್ನೂ ತಿದ್ದಬೇಡಿ.

ಆಮೇಲೆ ಒಂದು ಬೆಡ್‌ಶೀಟ್ ತನ್ನಿ. ಇಬ್ಬರು ಅದನ್ನು ಅರ್ಧ ತೆರೆಯಂತೆ ಹಿಡಿಯಲಿ, ಮೂರನೆಯವಳು ಹಿಂದೆ ನಿಂತು ಒಂದು ಪ್ರಾಣಿಯಾಗಲಿ. ತಲೆ, ಪಾದ ಮಾತ್ರ ಕಾಣುವಾಗ ಅವಳಿಗೆ ಎಷ್ಟು ಕಡಿಮೆಯಲ್ಲಿ ಎಷ್ಟು ಹೇಳಬಹುದೆಂದು ತಿಳಿಯುತ್ತದೆ. ಯಕ್ಷಗಾನ ಕಂಡ ಮಕ್ಕಳಿಗೆ ಇದು ಬೇಗ ಒಲಿಯುತ್ತದೆ.

ನಾಟಕದ ಪುಸ್ತಕವನ್ನು ಮೂರನೇ ದಿನ ತರಗತಿಗೆ ಒಯ್ಯಿರಿ. ನಮ್ಮ ಮಕ್ಕಳು ಸಂಭಾಷಣೆ ಬಿಟ್ಟು, ಕೊನೆಯಲ್ಲಿ ಚಿತೆಯಾಗಿ ಬರುವ ತೆರೆಯ ಬಗ್ಗೆ ಏನು ಬರೆದಿದೆಯೆಂದು ರಂಗಸೂಚನೆಗಳನ್ನೇ ಮೊದಲು ಹುಡುಕಿದರು.