42 ಡಿಗ್ರಿ ಬಿಸಿಲಲ್ಲಿ ಹುಳು ಹಿಡಿದು ಸಾವಿನ ಹೊತ್ತು ಹೇಳಿದ್ದು: ನನ್ನ ಅನುಭವ

ಕಾಲುವೆ ಪಕ್ಕ ಶವ ಸಿಕ್ಕ ಒಂದು ಕೊಲೆ ಕೇಸಿನ ತೀರ್ಪು ಹೋದ ತಿಂಗಳು ಬಂತು. ಸಾವಿನ ಹೊತ್ತಿನ ಬಗ್ಗೆ ನಾನು ಕೊಟ್ಟ ಅಂದಾಜನ್ನು ನ್ಯಾಯಾಲಯ ಒಪ್ಪಿಕೊಂಡಿದೆ. "ಹುಳು ನೋಡಿ ಟೈಮ್ ಹೇಳ್ತೀರಾ ಸಾರ್?" ಎಂದು ಆರು ವರ್ಷ ಕೇಳಿಸಿಕೊಂಡಿದ್ದೇನೆ. ಈಗ ಧೈರ್ಯವಾಗಿ ಬರೆಯಬಹುದು.

ರಾಯಚೂರು ಸೀಮೆಯಲ್ಲಿ ಪಿಎಂ (ಪೋಸ್ಟ್ ಮಾರ್ಟಂ) ಮಾಡಿದವರಿಗೆ ಕಷ್ಟ ಗೊತ್ತೇ ಇದೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ. ಹೆಣ ತಣ್ಣಗಾಗುವುದಿಲ್ಲ, ಮಧ್ಯಾಹ್ನ ಇನ್ನಷ್ಟು ಬಿಸಿಯಾಗುತ್ತದೆ. ಹೆನ್ಸ್‌ಗೆ ನೋಮೋಗ್ರಾಂ (ಹೆಣದ ಬಿಸಿಯಿಂದ ಸಾವಿನ ಹೊತ್ತು ತೆಗೆಯುವ ನಕ್ಷೆ) ಹಿಡಿದು ಕೂತು ಉಪಯೋಗವಿಲ್ಲ. ರಿಗರ್, ಅಂದರೆ ಹೆಣ ಸೆಟೆದುಕೊಳ್ಳುವುದು, ಬರಲು 12, ಇರಲು 12, ಹೋಗಲು 12 ಗಂಟೆ ಎಂಬ ಲೆಕ್ಕ ನಮ್ಮ ಬೇಸಿಗೆಗೆ ಒಗ್ಗುವುದಿಲ್ಲ. ಎರಡನೇ ದಿನಕ್ಕೆ ಹೊಟ್ಟೆ ಉಬ್ಬಿ ಮುಖದ ಗುರುತೇ ಸಿಗುವುದಿಲ್ಲ. ಆಮೇಲೆ ಎಲ್ಲರೂ ಬರೆಯುವುದು ಒಂದೇ: "36ರಿಂದ 72 ಗಂಟೆ". ಹದಿನಾಲ್ಕು ವರ್ಷ ನಾನೂ ಅದನ್ನೇ ಬರೆದೆ. ಬರೆದಾಗಲೆಲ್ಲ ಹಿಂಸೆಯಾಗುತ್ತಿತ್ತು. ಆ ಅಂತರದಲ್ಲಿ ತಪ್ಪು ಮಾಡದವನು ಸಿಕ್ಕಿಬೀಳಬಹುದು, ಮಾಡಿದವನು ಜಾರಿಕೊಳ್ಳಬಹುದು, ಅಲ್ವಾ?

ಹೆಣದ ಮೇಲೆ ನೊಣ ಮೊಟ್ಟೆ ಇಡುತ್ತದೆ, ಅದರಿಂದ ಹುಟ್ಟಿದ ಹುಳುವಿನ ವಯಸ್ಸು ಗೊತ್ತಾದರೆ ಸಾವಿನ ಹೊತ್ತಿನ ಅಂದಾಜು ಸಿಗುತ್ತದೆ. ಈ ಹುಳುಗಳ ಮೇಲೆ ಹೊರದೇಶಗಳಲ್ಲಿ ಬೇಕಾದಷ್ಟು ಕೆಲಸ ಆಗಿದೆ. ಆದರೆ ಅಲ್ಲಿನ ಕೋಷ್ಟಕ ತಂದು ಇಲ್ಲಿ ಹಾಕಿದರೆ ಸರಿಬರಲಿಲ್ಲ. ನಮ್ಮ ಹುಳು, ನಮ್ಮ ಬಿಸಿಲು, ನಮ್ಮದೇ ಲೆಕ್ಕ ಬೇಕಿತ್ತು. ಅನುದಾನ ಕೇಳಿ ಅರ್ಜಿ ಹಾಕಿದೆ. "ಪ್ರಾಯೋಗಿಕವಲ್ಲ" ಎಂದು ವಾಪಸ್ ಬಂತು. ಹಾಗಾಗಿ ಕೈಯಿಂದಲೇ ಹಾಕಿದೆ. ಹಳೆಯ ಸ್ಟೀರಿಯೋ ಮೈಕ್ರೋಸ್ಕೋಪ್ ಹದಿನಾಲ್ಕು ಸಾವಿರ ಚಿಲ್ಲರೆ. ಉಷ್ಣಾಂಶ ಬರೆದಿಡುವ ಲಾಗರ್ ನಾಲ್ಕು, ಒಂದೊಂದಕ್ಕೆ ಎರಡೂವರೆ ಸಾವಿರದ ಸುತ್ತಮುತ್ತ. ಇನ್‌ಕ್ಯುಬೇಟರ್ ಕೊಳ್ಳಲು ಆಗಲಿಲ್ಲ. ಥರ್ಮೋಕೋಲ್ ಪೆಟ್ಟಿಗೆ, ನಲವತ್ತು ವ್ಯಾಟ್ ಬಲ್ಬು, ಕೋಳಿಮರಿ ಸಾಕುವವರು ಬಳಸುವ ಥರ್ಮೋಸ್ಟಾಟ್, ಎಲ್ಲ ಸೇರಿ ಒಂಬೈನೂರರಲ್ಲಿ ಮುಗಿಯಿತು. ಉಷ್ಣಾಂಶ ಒಂದು ಡಿಗ್ರಿ ಆಚೀಚೆ ಮಾತ್ರ. ಹುಳು ಸಾಕಲು ಬೇಕಾದ ಲಿವರಿಗೂ ಸಾಕಷ್ಟು ಖರ್ಚಾಯಿತು. ಕೋಳಿಯದು ಅಗ್ಗ, ಆದರೆ ಎರಡೇ ದಿನಕ್ಕೆ ನೀರಾಗಿ ಮರಿಹುಳು ಮುಳುಗಿ ಸಾಯುತ್ತವೆ. ಕೊನೆಗೆ ಆಡಿನ ಲಿವರಿಗೇ ಬಂದೆ. ಒಟ್ಟು ಮೂವತ್ತೆಂಟು ಸಾವಿರದ ಹತ್ತಿರ ಹೋಗಿರಬೇಕು.

ಮೊದಲ ವರ್ಷ ಪೂರ್ತಿ ಹಾಳಾಯಿತು. ಶವಾಗಾರದ ಹಿಂದೆ ಸ್ಟೂಲಿನ ಮೇಲೆ ಲಿವರ್ ಇಟ್ಟರೆ ಇರುವೆ ಬಂದು ಮೊಟ್ಟೆಗಳನ್ನೆಲ್ಲ ಹೊತ್ತೊಯ್ದವು. ಸ್ಟೂಲಿನ ಕಾಲಿಗೆ ಸೀಮೆಎಣ್ಣೆ ಬಟ್ಟಲು ಇಟ್ಟೆ. ಆ ವಾಸನೆಗೆ ನೊಣವೇ ಹತ್ತಿರ ಬರಲಿಲ್ಲ. ನೀರಿನ ಬಟ್ಟಲು ಸಾಕಿತ್ತು. ಹುಳುಗಳನ್ನು ಅಭ್ಯಾಸಬಲದಿಂದ ನೇರ ಫಾರ್ಮಲಿನ್‌ಗೆ ಹಾಕಿದೆ. ಕುಗ್ಗಿ ಕಪ್ಪಾದವು. ಅಳೆದ ಉದ್ದವೆಲ್ಲ ಸುಳ್ಳಾಯಿತು. ಈಗ ಕುದಿಯುವುದಕ್ಕೆ ಸ್ವಲ್ಪ ಮುಂಚಿನ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಆಮೇಲೆ 80 ಪರ್ಸೆಂಟ್ ಆಲ್ಕೋಹಾಲಿಗೆ ಹಾಕುತ್ತೇನೆ. ಉದ್ದಕ್ಕೆ, ನೆಟ್ಟಗೆ ಉಳಿಯುತ್ತವೆ. ಮೈತುಂಬ ಮುಳ್ಳಿನಂತಿರುವ ಹುಳು, ಅದೇ ರುಫಿಫೇಸಿಸ್ ಎಂಬ ನೊಣದ ಮರಿ, ಒಂದೇ ಒಂದು ಡಬ್ಬಿ ಸೇರಿದರೂ ಉಳಿದವನ್ನು ತಿಂದುಹಾಕುತ್ತದೆ. ಇದು ಗೊತ್ತಾಗುವ ಮುಂಚೆ ಮೂರು ಡಬ್ಬಿ ಹೋದವು.

ಇವೆಲ್ಲ ಸಣ್ಣವು. ಎರಡನೇ ವರ್ಷ ನಿಜವಾದ ತಪ್ಪೇ ಆಯಿತು. ಒಂದು ಶವಕ್ಕೆ ಐದು ದಿನ ಎಂದೆ. ಮೂರೂವರೆ ದಿನದ ಹಿಂದೆ ಆತ ಬಸ್ಸಿನಲ್ಲಿ ಓಡಾಡಿದ್ದಕ್ಕೆ ಸಾಕ್ಷಿ ಇತ್ತು. ಇಲಾಖೆಯ ಸಭೆಯಲ್ಲಿ ಎಲ್ಲರೂ ನಕ್ಕರು. ಆ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಹುಡುಕಲು ತಿಂಗಳುಗಟ್ಟಲೆ ಹಿಡಿಯಿತು. ಹುಳುಗಳು ರಾಶಿಯಾಗಿ ತಿನ್ನುವಾಗ ಆ ರಾಶಿಯೇ ಬಿಸಿಯಾಗುತ್ತದೆ. ಹೊರಗೆ 33 ಇದ್ದಾಗ ರಾಶಿಯ ನಡುವೆ ಥರ್ಮಾಮೀಟರ್ ಚುಚ್ಚಿದೆ, 44 ತೋರಿಸಿತು. ಆ ಬಿಸಿಯಲ್ಲಿ ಬೇಗ ಬೆಳೆದ ಹುಳುವನ್ನು ನಾನು ಹಳೆಯ ಹುಳು ಎಂದುಕೊಂಡಿದ್ದೆ. ರಾಶಿಯ ಬಿಸಿಯನ್ನು ಲೆಕ್ಕದಲ್ಲಿ ಎಷ್ಟು ಕಳೆಯಬೇಕು ಅನ್ನುವುದಕ್ಕೆ ಈಗ ನನ್ನದೇ ಒಂದು ವಿಧಾನ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಪ್ರಬಂಧ ಅಚ್ಚಾಗಲಿ.

ಬೇರೆ ಪ್ರಯೋಗಗಳೂ ನಡೆದವು. ಬೀದಿದೀಪದ ಕೆಳಗೆ ರಾತ್ರಿ ಲಿವರ್ ಇಟ್ಟ ಆರು ಸಲದಲ್ಲಿ ಒಮ್ಮೆಯೂ ಮೊಟ್ಟೆ ಬೀಳಲಿಲ್ಲ. ರಾತ್ರಿ ಒಂಬತ್ತಕ್ಕೆ ಸತ್ತರೆ ಹುಳುವಿನ ಗಡಿಯಾರ ಬೆಳಗ್ಗೆ ಶುರು. ಕಂಬಳಿ ಸುತ್ತಿಟ್ಟರೆ ಹೆಚ್ಚುಕಡಿಮೆ ಒಂದು ದಿನ ತಡ. ಇನ್ನೊಂದು ನಮ್ಮ ಕಡೆಯವರಿಗೆ ತುಂಬಾ ಮುಖ್ಯ. ಹತ್ತಿ ಗಿಡಕ್ಕೆ ಹೊಡೆಯುವ ಎಣ್ಣೆ (ಕೀಟನಾಶಕ) ಬೆರೆಸಿದ ಲಿವರಿಗೆ ನೊಣ ಬಂದವು, ಆದರೆ ಮೊಟ್ಟೆ ಇಡಲು ತಡಮಾಡಿದವು. ಹುಟ್ಟಿದ ಮರಿಗಳೂ ನಿಧಾನ, ಅರ್ಧದಷ್ಟು ಸತ್ತವು. ಎಣ್ಣೆ ಕುಡಿದು ಸತ್ತವರಲ್ಲಿ ಹುಳು ಚಿಕ್ಕದಿದೆ ಎಂದು ಸಾವನ್ನು ಇತ್ತೀಚಿನದು ಅನ್ನಬೇಡಿ. ವಿಸೆರಾ (ಒಳಾಂಗ) ಪೂರ್ತಿ ಕೊಳೆತಿದ್ದರೆ ಹುಳುವನ್ನೇ ವಿಷ ಪರೀಕ್ಷೆಗೆ ಕಳಿಸಿ. ತಿಂದ ವಿಷ ಅದರ ಮೈಯಲ್ಲೂ ಸಿಗುತ್ತದೆ.

ಈಗ ಆ ಕೇಸು. ಮಂಗಳವಾರ ಬೆಳಗ್ಗೆ ಏಳಕ್ಕೆ ಕಾಲುವೆ ಪಕ್ಕದ ಬಳ್ಳಾರಿ ಜಾಲಿ ಪೊದೆಯಲ್ಲಿ ಒಬ್ಬ ಗಂಡಸಿನ ಶವ. ಶನಿವಾರ ಸಂಜೆ ಅವನನ್ನು ನೋಡಿ ಮಾತಾಡಿಸಿದ್ದೆ ಎಂದು ಪರಿಚಯದವನೊಬ್ಬ ಹೇಳಿಕೆ ಕೊಟ್ಟಿದ್ದ. ಇನ್‌ಕ್ವೆಸ್ಟ್ (ಪೊಲೀಸರ ಶವ ಪರಿಶೀಲನೆ) ಕಾಗದದಲ್ಲೂ ಹಾಗೇ ಬರೆದಿದ್ದರು. ನಾನು ಹಟ ಹಿಡಿದು ಜಾಗಕ್ಕೇ ಹೋದೆ.

ಹುಳು ಸಾಮಾನ್ಯವಾಗಿ ಕಣ್ಣು, ಮೂಗು, ಬಾಯಲ್ಲಿ ಇರುತ್ತವೆ. ಇಲ್ಲಿ ಎಡ ಅಂಗೈಯಲ್ಲೂ ಒಂದು ಹಿಡಿ ಇದ್ದವು, ಎಡ ಪಕ್ಕೆಯಲ್ಲಿ ಇನ್ನೊಂದು ಗುಂಪು. ಗಾಯವಿಲ್ಲದ ಅಂಗೈಗೆ ನೊಣ ಯಾಕೆ ಮೊಟ್ಟೆ ಇಡುತ್ತದೆ? ಚರ್ಮ ಉಳಿದಿರಲಿಲ್ಲ. ಪಕ್ಕೆಲುಬನ್ನು ತೆಗೆದು ತೊಳೆದು ನೋಡಿದೆ. ಆರನೆಯದರ ಮೇಲಂಚಿನಲ್ಲಿ ಉಗುರಿನಷ್ಟು ನೇರವಾದ ಕಡಿತ. ಚಾಕು. ಅಂಗೈ ಅಡ್ಡ ಹಿಡಿದಿದ್ದಾನೆ.

ಹೊತ್ತಿನ ಲೆಕ್ಕಕ್ಕೆ ದೊಡ್ಡ ಹುಳುಗಳನ್ನು ಆರಿಸಿದೆ. ಹಿಂಭಾಗದ ಉಸಿರಾಟದ ರಂಧ್ರದಲ್ಲಿ ಮೂರು ಸೀಳು, ಅಂದರೆ ಮೂರನೇ ಹಂತ. ಬೆಳಕಿಗೆ ಹಿಡಿದರೆ ಮೈಯೊಳಗೆ ತಿಂದದ್ದು ಕಪ್ಪಗೆ ಕಾಣಬೇಕು. ಇವುಗಳಲ್ಲಿ ಆ ಕಪ್ಪು ಬಹುತೇಕ ಕರಗಿತ್ತು. ತಿನ್ನುವುದು ನಿಲ್ಲಿಸಿದ್ದವು. ಅರ್ಧವನ್ನು ಬಿಸಿನೀರಿಗೆ ಹಾಕಿದೆ. ಅರ್ಧವನ್ನು ಜೀವಂತ ತಂದು 30 ಡಿಗ್ರಿಯ ಪೆಟ್ಟಿಗೆಯಲ್ಲಿ ಇಟ್ಟೆ. ಪೊದೆಯಲ್ಲಿ ಲಾಗರ್ ಕಟ್ಟಿ ಐದು ದಿನ ಬಿಟ್ಟೆ, ಹವಾಮಾನ ಕೇಂದ್ರದ ಅಂಕಿಗೆ ಹೋಲಿಸಿದೆ. ಜಾಲಿ ನೆರಳಲ್ಲಿ ಹಗಲು ಮೂರು ಡಿಗ್ರಿ ಕಮ್ಮಿ. ಲೆಕ್ಕಕ್ಕೆ ಸಿಕ್ಕ ಸರಾಸರಿ 34.

ಇವು ಮೆಗಾಸೆಫಾಲಾ ಎಂಬ ನೊಣದ ಹುಳುಗಳು. ಅದಕ್ಕೆ ನನ್ನ ಅಂಕಿ ಇದು. 32 ಡಿಗ್ರಿಯಲ್ಲಿ ಮೊಟ್ಟೆ ಒಡೆಯಲು ಹನ್ನೊಂದು, ಹನ್ನೆರಡು ಗಂಟೆ. ತಿನ್ನುವುದು ನಿಲ್ಲಲು ತೊಂಬತ್ತೈದು. ಕೋಶ ಕಟ್ಟಲು ಐದು ದಿನ, ನೊಣವಾಗಲು ಒಂಬತ್ತು. ತಳ, ಅಂದರೆ ಹುಳುವಿನ ಬೆಳವಣಿಗೆಯೇ ನಿಲ್ಲುವ ಉಷ್ಣಾಂಶ, ಹತ್ತು ಡಿಗ್ರಿ ಹಿಡಿದು 34ಕ್ಕೆ ತಂದರೆ ಎಂಬತ್ತೇಳು ಗಂಟೆ. ಅಂದರೆ ಶುಕ್ರವಾರ ಮಧ್ಯಾಹ್ನ. ಪೆಟ್ಟಿಗೆಯಲ್ಲಿದ್ದವು ಬುಧವಾರ ಮಧ್ಯಾಹ್ನದೊಳಗೆ ಕೋಶ ಕಟ್ಟಿದವು, ಸೋಮವಾರ ಬೆಳಗ್ಗೆ ಹಸಿರು ನೊಣ ಹೊರಬಂದವು. ಅಲ್ಲಿಂದ ಹಿಂದಕ್ಕೆ ಎಣಿಸಿದರೂ ಶುಕ್ರವಾರವೇ. ಶುಕ್ರವಾರ ಸಂಜೆಗಿಂತ ಈಚೆಗೆ ಸತ್ತಿರಲು ಸಾಧ್ಯವಿಲ್ಲ ಎಂದು ಬರೆದು ಸಹಿ ಹಾಕಿದೆ. ಹಿರಿಯರೊಬ್ಬರು ಕರೆದು, "36ರಿಂದ 72 ಅಂತ ಬರೀರಿ, ಸುಮ್ನೆ ತಲೆನೋವು ಯಾಕೆ" ಅಂದರು. ಬರೆಯಲಿಲ್ಲ.

ಐಓ (ತನಿಖಾಧಿಕಾರಿ) ಒಳ್ಳೆಯ ಮನುಷ್ಯ. ಮೊಬೈಲ್ ವಿವರ ಮತ್ತೆ ತೆಗೆಸಿದರು. ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಎಟಿಎಂನಲ್ಲಿ ದುಡ್ಡು ತೆಗೆದದ್ದೇ ಸತ್ತವನ ಕೊನೆಯ ಗುರುತು. ಶನಿವಾರ ಮಾತಾಡಿಸಿದೆ ಎಂದವನ ಫೋನು ಶುಕ್ರವಾರ ಅದೇ ಕಾಲುವೆ ಹತ್ತಿರ ಇತ್ತು.

ಪಾಟಿಸವಾಲು ಎರಡು ಗಂಟೆ ನಡೆಯಿತು. ಪ್ರತಿ ಡಬ್ಬಿಯ ಚೀಟಿ, ಗಂಟೆಗೊಮ್ಮೆ ಬರೆದ ಉಷ್ಣಾಂಶ, ಸಾಕಿದ ಹುಳುಗಳ ಆರು ವರ್ಷದ ಪುಸ್ತಕ ಮೇಜಿನ ಮೇಲಿಟ್ಟಿದ್ದೆ. ವಕೀಲರು ಸೀಮೆಎಣ್ಣೆ ಬಟ್ಟಲಿನ ಬಗ್ಗೆಯೂ ಕೇಳಿದರು. ಅದೂ ಪುಸ್ತಕದಲ್ಲಿ ಇತ್ತು.

ಮಳೆಗಾಲದ ಅಂಕಿ ಇನ್ನೂ ಸಾಲದು, ಈ ಸಲದ ಮೃಗಶಿರಾದಿಂದ ಶುರುಮಾಡಿದ್ದೇನೆ. ಮೊನ್ನೆ ಒಬ್ಬ ಕಾನ್‌ಸ್ಟೇಬಲ್ ಶವದ ಜೊತೆ ನಾಲ್ಕು ಡಬ್ಬಿ ತಂದ. ಹೇಳಿಕೊಟ್ಟ ಹಾಗೆ ಎರಡರಲ್ಲಿ ಜೀವಂತ, ಎರಡರಲ್ಲಿ ಬಿಸಿನೀರು ಕಂಡವು. ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ: "ಮೂಗು, 6.40. ಕುತ್ತಿಗೆ, 6.45. ಬಿಸಿ ಅಳೆದಿದ್ದೇನೆ ಸಾರ್, 39."